ಹಾಲಿ ಮುಂಬಯಿ

ಮುಂಬಯಿಯ ಒಂದು ಕನ್ನಡ ಪತ್ರಿಕೆಯಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು ನಾನು. ಪತ್ರಿಕೆ ಕಣ್ಣು ಮುಚ್ಚಿ ಬಹಳ ಕಾಲವಾಯಿತು; ಅದರ ತಪ್ಪು ಹುಡುಕುತ್ತಿದ್ದ ಕಣ್ಣು ಮಾತ್ರ ಇನ್ನೂ ತೆರೆದೇ ಇದೆ. ಈ ಕಣ್ಣಿಗೊಂದು ಉದ್ಯೋಗ ಬೇಕಲ್ಲ ಎಂದು ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನವರು ಮದುವೆ ಕಾಗದ ಬರೆಯುವ ಅಧಿಕಾರವನ್ನು ನನಗೆ ದಯಪಾಲಿಸಿದರು. ನಮ್ಮ ಉಡುಪಿ ಕಡೆಯವರ ಬಾಯಲ್ಲಿ ಲಗ್ನಪತ್ರಿಕೆ ಎಂದರೆ ಮದುವೆ ಕಾಗದ. ಕೋರ್ಟಿನ ದಾಖಲೆಗೂ ಕಾಗದ ಎಂದೇ ಅನ್ನುತ್ತೇವೆ. ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ಮುಂದಾಲೋಚನೆ ಇತ್ತೆಂದು ನನಗೆ ಹೊಳೆದದ್ದು ತಡವಾಗಿ.

ನಾನು ಬರೆದ ಕಾಗದಗಳಲ್ಲಿ ದೇವರು ಬದಲಾಗುತ್ತಿದ್ದ, ಛತ್ರ ಬದಲಾಗುತ್ತಿತ್ತು, ಊಟದ ಹೊತ್ತು ಬದಲಾಗುತ್ತಿತ್ತು. ಒಂದು ಪದ ಮಾತ್ರ ಎಂದೂ ಕದಲಲಿಲ್ಲ. ಮೇಲೆ ತಂದೆಯ ಹೆಸರು, ಅದರ ಕೆಳಗೆ ಊರಿನ ಮನೆಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಹಾಲಿ ಮುಂಬಯಿ'. ಹಾಲಿ ಎಂದರೆ ಸದ್ಯಕ್ಕೆ. ಅಂದರೆ ನಾವು ನಿಜಕ್ಕೂ ಊರಿನವರು, ಇಲ್ಲಿಗೆ ಏನೋ ಒಂದು ಕೆಲಸದ ಮೇಲೆ ಬಂದಿದ್ದೇವೆ, ಅದು ಮುಗಿದ ಕೂಡಲೇ ಗಂಟು ಕಟ್ಟುತ್ತೇವೆ ಎಂಬ ಠೀವಿ ಅದರಲ್ಲಿದೆ. ನನ್ನ ತಂದೆ ಹಾಗೆ ಐವತ್ತೆರಡು ವರ್ಷ ಹಾಲಿಯಾಗಿದ್ದರು. ಸಯನ್ ಸ್ಮಶಾನ ತಲುಪಿದ ಮೇಲಷ್ಟೇ ಅವರು ಇಲ್ಲಿ ಖಾಯಂ ಆದದ್ದು. ನಾನು ಮೂರನೆಯ ವಯಸ್ಸಿನಿಂದ ಹಾಲಿ. ಇಷ್ಟು ದೀರ್ಘಕಾಲ ಸದ್ಯಕ್ಕೆ ಇರುವ ಜನ ಬೇರೆಲ್ಲಾದರೂ ಇದ್ದಾರೋ ಕಾಣೆ.

ಈ ಪದ ನಮ್ಮ ಪಕ್ಕದ ಮನೆಯ ಹುಡುಗಿಯ ಕೊರಳಿಗೆ ಸುತ್ತಿಕೊಂಡ ಬಗೆಯನ್ನು ಹೇಳಬೇಕು. ಸುತ್ತಿದವನು ನಾನೇ ಆದ್ದರಿಂದ ಬೇರೆಯವರು ಹೇಳುವುದಕ್ಕಿಂತ ನಾನು ಹೇಳುವುದು ಮರ್ಯಾದೆ.

ಹುಡುಗಿಗೆ ತಂದೆಯಿಲ್ಲ. ತಾಯಿ ನನ್ನನ್ನು ಅಣ್ಣ ಎನ್ನುತ್ತಾಳೆ, ಹುಡುಗಿ ಮಾಮ ಎನ್ನುತ್ತಾಳೆ. ಒಂದು ಲ್ಯಾಬಿಗಾಗಿ ಮನೆಮನೆಗೆ ಹೋಗಿ ಪರೀಕ್ಷೆಯ ರಕ್ತ ತೆಗೆದು ತರುವುದು ಅವಳ ಕೆಲಸ. ಬೆಳಿಗ್ಗೆ ಆರಕ್ಕೆಲ್ಲ ಹೆಗಲಿಗೆ ಐಸ್ ಡಬ್ಬಿ ಹಾಕಿಕೊಂಡು ಹೊರಟರೆ ವಡಾಲಾ, ಸಯನ್, ಮಾಟುಂಗಾದ ಸಕ್ಕರೆ ಕಾಯಿಲೆಯವರೆಲ್ಲ ಹಸಿದ ಹೊಟ್ಟೆಯಲ್ಲಿ ತೋಳು ಚಾಚಿಕೊಂಡು ಅವಳ ದಾರಿ ನೋಡುತ್ತಿರುತ್ತಾರೆ. ನನ್ನ ತೋಳೂ ಅದರಲ್ಲೊಂದು. ಚುಚ್ಚಿದ್ದು ಗೊತ್ತಾಗುವುದಿಲ್ಲ.

ಅವಳಿಗೆ ಗಂಡು ಗೊತ್ತಾದದ್ದು ಘಾಟ್ಕೋಪರಿನಲ್ಲಿ. ಸ್ಟೇಷನ್ನಿನ ಹತ್ತಿರ ಅವರ ಮನೆಯವರ ಹೋಟೆಲು. ಹುಡುಗ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು, ಹುಟ್ಟಿದ್ದು ಬೆಳೆದದ್ದು ಎಲ್ಲ ಅಲ್ಲೇ. ನಮ್ಮ ಬಿಲ್ಡಿಂಗಿನಿಂದ ಅವರ ಮನೆಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಲೋಕಲ್ಲಿನಲ್ಲಾದರೆ ಕುರ್ಲಾದಲ್ಲಿ ಒಮ್ಮೆ ಇಳಿದು ಹತ್ತಬೇಕು. ಮದುವೆಯನ್ನು ವಡಾಲಾದ ಒಂದು ಹಾಲ್‌ನಲ್ಲಿ ಮಾಡಿದರೆ ಲ್ಯಾಬಿನವರೆಲ್ಲ ಬರುತ್ತಾರೆ ಎಂದು ಹುಡುಗಿ ಮೆಲ್ಲಗೆ ಅಂದಳು. ಆಗ ಹಿರಿಯನಾದ ನಾನು ಗಂಟಲು ಸರಿಮಾಡಿಕೊಂಡೆ. ಮದುವೆ ಎಂಬುದು ಊರಿನಲ್ಲಿ, ಕುಲದೇವರ ಕಣ್ಣಳತೆಯಲ್ಲಿ ಆಗಬೇಕಾದ ಸಂಸ್ಕಾರ, ಬಾಡಿಗೆ ಹಾಲ್‌ನಲ್ಲಿ ಆಗುವುದು ಬರೀ ಪಾರ್ಟಿ ಎಂದು ಇಪ್ಪತ್ತು ನಿಮಿಷ ಉಪನ್ಯಾಸ ಮಾಡಿದೆ. ಎಲ್ಲರೂ ತಲೆದೂಗಿದರು. ಆಮೇಲೆ ಎಲ್ಲರ ಅನುಕೂಲವನ್ನೂ ವಿಚಾರಿಸಲಾಯಿತು. ಹುಡುಗನ ಸೋದರಮಾವನಿಗೆ ಊರಿನಲ್ಲಿ ಛತ್ರವಿತ್ತು, ಅವರ ಅನುಕೂಲ ಕೇಳಿದೆವು. ಪುರೋಹಿತರದು ಕೇಳಿದೆವು. ಅಡಿಗೆಯವರದೂ ಕೇಳಿದೆವು, ಅವರಿಗೆ ಸೋಮವಾರ ಆಗುತ್ತಿರಲಿಲ್ಲ. ಮದುಮಗಳ ಅನುಕೂಲ ಕೇಳುವುದು ಪದ್ಧತಿಯಲ್ಲಿಲ್ಲ. ಆದ್ದರಿಂದ ಪದ್ಧತಿ ಬಿಡಲಿಲ್ಲ.

ಮದುವೆ ಕಾಗದವನ್ನು ನಾನು ಮೂರು ದಿನ ಕೂತು ಬರೆದೆ. ಹುಡುಗಿಯ ಅಜ್ಜಿಮನೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಆ ಮನೆ ಪಾಲಾಗಿ, ಪಾಲು ಮಾರಿ, ಈಗ ಯಾರೋ ದೂರದ ಸಂಬಂಧಿಕರು ಅಲ್ಲಿ ಕೋಳಿ ಸಾಕಿದ್ದಾರೆ. ಹುಡುಗಿ ಅಲ್ಲಿ ಉಳಿದದ್ದು ಚಿಕ್ಕಂದಿನ ರಜೆಯಲ್ಲಿ ಹದಿನೈದು ದಿನ. ಆದರೆ ಕಾಗದದಲ್ಲಿ ಆ ಮನೆಗೆ ಒಂದು ಗಾಂಭೀರ್ಯ ಬಂತು. ಕೆಳಗೆ 'ಹಾಲಿ ಮುಂಬಯಿ'.

ಮೂರು ವರ್ಷದ ಮೇಲೆ ಹುಡುಗಿ ಎರಡು ಸೂಟ್‌ಕೇಸಿನೊಂದಿಗೆ ತಾಯಿಯ ಮನೆಗೆ ವಾಪಸಾದಳು. ಕಾರಣ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಿಲ್ಡಿಂಗು ತಾನಾಗಿಯೇ ಹತ್ತಾರು ಕಾರಣಗಳನ್ನು ಒದಗಿಸಿತು. ಕೆಲವು ತಿಂಗಳಲ್ಲಿ ಊರಿನ ಕೋರ್ಟಿನಿಂದ ನೋಟೀಸು ಬಂತು. ಘಾಟ್ಕೋಪರಿನ ಗಂಡ ಆಂಟಾಪ್ ಹಿಲ್ಲಿನ ಹೆಂಡತಿಯಿಂದ ಬಿಡುಗಡೆ ಕೋರಿ ಅಲ್ಲಿ, ಒಂಬೈನೂರು ಕಿಲೋಮೀಟರ್ ಆಚೆ, ದಾವೆ ಹೂಡಿದ್ದ. ಮದುವೆ ಎಲ್ಲಿ ಆಯಿತೋ ಅಲ್ಲಿ ದಾವೆ ಹೂಡಬಹುದೆಂದು ಕಾನೂನು ಹೇಳುತ್ತದೆ. ಮದುವೆ ಎಲ್ಲಿ ಆಗಬೇಕೆಂದು ನಾನು ಹೇಳಿದ್ದೆ. ನಾವಿಬ್ಬರೂ, ಕಾನೂನು ಮತ್ತು ನಾನು, ಕೈಕೈ ಹಿಡಿದು ಕೆಲಸ ಮಾಡಿದ್ದೆವು.

ದಾವೆಯಲ್ಲಿ ಆಪಾದನೆ ಕ್ರೌರ್ಯದ್ದು. ಊರವರ ರಕ್ತ ತೆಗೆಯಲು ನಸುಕಿನಲ್ಲೆದ್ದು ಹೋಗುವ ಹೆಂಡತಿ ಕಟ್ಟಿಕೊಂಡ ಗಂಡನಿಗೆ ಒಂದು ದಿನವೂ ಬೆಳಗಿನ ಚಹಾ ಮಾಡಿಕೊಡಲಿಲ್ಲ ಎಂಬುದು ಅದರ ಮುಖ್ಯ ಅಂಶ. ಮಿಕ್ಕವು ಅದಕ್ಕಿಂತ ಕೆಟ್ಟವು, ಅತ್ತೆಯನ್ನು ತಳ್ಳಿದಳು, ಒಡವೆ ಹೊತ್ತೊಯ್ದಳು ಎಂಬ ಜಾತಿಯವು. ಹೋಟೆಲಿನ ಯಜಮಾನನಿಗೆ ಮನೆಯಲ್ಲಿ ಚಹಾ ಸಿಗದಿರುವುದು ಎಷ್ಟು ದೊಡ್ಡ ಸಂಕಟವೋ ನನಗೆ ತಿಳಿಯದು.

ಆ ದಿನ ಹುಡುಗಿ ನೋಟೀಸನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದಳು:

"ಡಿವೋರ್ಸ್ ಬೇಕಾದ್ರೆ ತಗೊಳ್ಲಿ ಮಾಮ, ನಾನು ರೆಡಿ. ಆದ್ರೆ ಇದ್ರಲ್ಲಿ ಬರ್ದದ್ದೆಲ್ಲ ಹೌದು ಅಂತ ಆಗ್ಲಿಕ್ಕೆ ಬಿಡುದಿಲ್ಲ. ನಾನು ಹೋಗದಿದ್ರೆ ಹೌದು ಅಂತಲೇ ಆಗ್ತದೆ. ಹೋಗ್ಬೇಕಾದ್ರೆ ತಾರೀಖಿಗೆ ಮೂರು ಮೂರು ದಿನ ಛುಟ್ಟಿ. ಸೂಪರ್‌ವೈಸರ್ ಸೀದಾ ಹೇಳಿದ್ದಾನೆ, ಹೀಗೇ ಆದ್ರೆ ನನ್ನ ಏರಿಯಾ ಬೇರೆಯವ್ರಿಗೆ ಅಂತ."

ಒಂದು ಕಡೆ ಕೆಲಸ, ಒಂದು ಕಡೆ ಹೆಸರು. ಎರಡರಲ್ಲಿ ಯಾವುದನ್ನು ಕಳೆದುಕೊಳ್ಳುತ್ತೀ ಎಂದು ಆ ನೋಟೀಸು ಸೌಜನ್ಯದಿಂದ ಕೇಳುತ್ತಿತ್ತು.

ಮೊದಲನೆಯ ತಾರೀಖಿಗೆ ಅವಳೊಂದಿಗೆ ನಾನೇ ಹೊರಟೆ. ತಾಯಿಗೆ ಮಂಡಿ ನೋವು. ಜೊತೆಗೆ ಒಂದು ಗಂಡು ಜೀವ ಇರಲಿ ಎಂದು ಆಕೆಯ ಆಸೆ. ಕುರ್ಲಾದಲ್ಲಿ ರೈಲು ಹತ್ತಿದೆವು. ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹೋದ ನಾನು ನಳದ ಎದುರು ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದ ವಾದಿಯನ್ನು ಕಂಡೆ. ಆಶ್ಚರ್ಯಪಡಲು ಏನೂ ಇರಲಿಲ್ಲ. ಅವನೂ ಮುಂಬಯಿಯಲ್ಲೇ ಇದ್ದ, ಅವನಿಗೂ ಅದೇ ತಾರೀಖು, ಆ ಹೊತ್ತಿಗೆ ಅನುಕೂಲವಾದ ರೈಲು ಒಂದೇ. ನಾವು ಪಕ್ಕಪಕ್ಕದ ಡಬ್ಬಿಯಲ್ಲಿ ಜಗಳವಾಡಲು ಹೊರಟಿದ್ದೆವು.

"ನಮಸ್ಕಾರ ಮಾಮ," ಎಂದ. ಸಂಬಂಧ ಕಡಿದುಕೊಳ್ಳುವುದು ಹೆಂಡತಿಯೊಂದಿಗೆ ಮಾತ್ರ, ಮಾಮನೊಂದಿಗೆ ಅಲ್ಲ ಎಂಬ ಸ್ಪಷ್ಟತೆ ಅವನಲ್ಲಿತ್ತು. ಸ್ವಲ್ಪ ಹೊತ್ತಿಗೆ ಚಹಾದವನು ಬಂದ. ವಾದಿ ಅಭ್ಯಾಸಬಲದಿಂದ ಮೂರು ಲೋಟ ತೆಗೆದುಕೊಂಡು ನಮ್ಮ ಸೀಟಿನವರೆಗೂ ಬಂದುಬಿಟ್ಟ. ಬಂದ ಮೇಲೆ ತಾನು ಅವಳ ಕ್ರೌರ್ಯದಿಂದ ನೊಂದವನೆಂಬುದು ನೆನಪಾಗಿ ಅಲ್ಲೇ ನಿಂತ. ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಮೂರನೆಯ ಲೋಟವನ್ನು ಏನು ಮಾಡಬೇಕೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ನನ್ನದೂ ಅದೂ ಎರಡೂ ಲೋಟ ನಾನೇ ಕುಡಿದೆ.

ಊರಿನ ಕೋರ್ಟಿನಲ್ಲಿ ನಮ್ಮ ಸರದಿ ಬಂತು. ವಾದಿಯ ವಕೀಲರು, ತಾವು ಇನ್ನೂ ಕಾಗದ ಓದಿಲ್ಲ, ಸಮಯ ಬೇಕು ಎಂದರು. ಸಮಯ ಸಿಕ್ಕಿತು. ನಮ್ಮ ವಿಚಾರಣೆ ಎಲ್ಲ ಸೇರಿ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ವಾಪಸು ಬರುವಾಗಲೂ ಅದೇ ರೈಲು, ಅದೇ ನಮಸ್ಕಾರ. ಚಹಾ ಮಾತ್ರ ಈ ಸಲ ಅವನು ತನಗೊಬ್ಬನಿಗೇ ತೆಗೆದುಕೊಂಡ.

ಎರಡನೆಯ ತಾರೀಖಿಗೆ ಹುಡುಗಿ ಒಬ್ಬಳೇ ಹೋದಳು. ಆ ಸಲ ಅವನು ಬಂದೇ ಇರಲಿಲ್ಲ. ಅವನ ವಕೀಲರಿದ್ದರೆ ಸಾಕಿತ್ತು. ಅವಳು ತಿರುಗಿ ಬರುವಷ್ಟರಲ್ಲಿ ಅವಳ ಮಾಟುಂಗಾ ಬೇರೊಬ್ಬಳ ಪಾಲಾಗಿತ್ತು. ಇನ್ನೊಂದು ಸಲ ಹೋದರೆ ವಡಾಲಾ, ಸಯನ್ ಎರಡೂ ಹೋಗುತ್ತವೆ ಎಂದು ಸೂಪರ್‌ವೈಸರ್ ನಕ್ಷೆ ನೋಡಿಕೊಂಡೇ ಹೇಳಿದನಂತೆ. ಅವನ ಸಾಮ್ರಾಜ್ಯಶಾಹಿ ಸ್ವಭಾವ ನನಗೆ ಮೊದಲೇ ಗೊತ್ತಿರಲಿಲ್ಲ.

ಆಗ ಯಾರೋ ಹೇಳಿದ್ದರಿಂದ ಬಾಂದ್ರಾದಲ್ಲಿ ಒಬ್ಬ ವಕೀಲೆಯನ್ನು ಕಂಡೆವು. ಧಾರವಾಡ ಕಡೆಯ ಹೆಣ್ಣುಮಗಳು. ದಾವೆಗಳ ಕಟ್ಟಿನ ಹಿಂದೆ ಅರ್ಧ ಮಾತ್ರ ಕಾಣಿಸುತ್ತಿದ್ದರು. ದಾವೆಯನ್ನು ಊರಿನಿಂದ ಬಾಂದ್ರಾದ ಕೌಟುಂಬಿಕ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು, ಇಂಥದರಲ್ಲಿ ಹೆಂಡತಿಯ ಅನುಕೂಲವನ್ನೇ ಹೆಚ್ಚಾಗಿ ನೋಡುತ್ತಾರೆ ಎಂದು ಅವರು ವಿವರಿಸಿದರು. ಹುಡುಗಿಗೆ ಗಂಡು ನೋಡುವಾಗ, ದಿನ ಗೊತ್ತುಮಾಡುವಾಗ, ಛತ್ರ ಹಿಡಿಯುವಾಗ, ಅತ್ತೆಮನೆಯಲ್ಲಿ ಎದ್ದು ಕೂತು ಉಣ್ಣುವಾಗ ಯಾರ ಬಾಯಿಂದಲೂ ಬಾರದ ಪದವನ್ನು ಈ ಹೆಣ್ಣುಮಗಳು ಫೈಲಿನ ಹಿಂದಿನಿಂದ ಇಷ್ಟು ಸಹಜವಾಗಿ ಉಚ್ಚರಿಸಿದ್ದರು. ಹೆಂಡತಿಗೆ ಅನುಕೂಲ ಎಂಬುದೊಂದು ಇದೆ ಎಂದು ಕಂಡುಹಿಡಿಯಲು ಮದುವೆ ಮುರಿಯುವವರೆಗೂ ಕಾಯಬೇಕಾಗುತ್ತದೆ. ಮದುವೆ ಗಟ್ಟಿಯಿದ್ದಾಗ ಅದರ ಪತ್ತೆಯೇ ಇರುವುದಿಲ್ಲ.

ಆದರೆ ಎರಡು ರಾಜ್ಯಗಳ ನಡುವಿನ ವರ್ಗಾವಣೆಯಾದ್ದರಿಂದ ಅರ್ಜಿಯನ್ನು ದಿಲ್ಲಿಗೆ, ದೇಶದ ಅತಿ ಮೇಲಿನ ಕೋರ್ಟಿಗೇ ಹಾಕಬೇಕಂತೆ. ಊರಿಗೆ ಹೋಗುವುದು ದೂರವಾಯಿತು ಎಂದು ಹೇಳಲು ದಿಲ್ಲಿಗೆ ಹೋಗಬೇಕು. ನಾನು ಭೂಪಟ ನೆನೆದುಕೊಂಡು ಬೆವತೆ. ಅಲ್ಲಿಯ ವಕೀಲರು ಅಲ್ಲೇ ನೋಡಿಕೊಳ್ಳುತ್ತಾರೆ, ನೀವು ಕದಲಬೇಕಾಗಿಲ್ಲ ಎಂದು ಆಕೆ ಸಮಾಧಾನ ಮಾಡಿದರು. ಅರ್ಜಿ ಹೋಯಿತು. ಅದು ಇತ್ಯರ್ಥವಾಗುವವರೆಗೆ ಊರಿನ ದಾವೆಗೆ ತಡೆ ಸಿಕ್ಕಿತು. ವಡಾಲಾ, ಸಯನ್ ಸದ್ಯಕ್ಕೆ ಉಳಿದವು.

ಅಷ್ಟರಲ್ಲಿ ಗಂಡನ ಕಡೆಯಿಂದ ಆಕ್ಷೇಪಣೆ ಬಂತು. ವಕೀಲೆ ಕರೆಸಿದರು. ಹೋಗಿ ಕೂತೆವು, ಹುಡುಗಿ ಮತ್ತು ನಾನು. ಆಕೆ ಕಟ್ಟು ಬಿಚ್ಚಿ ಒಂದು ಹಾಳೆ ಎಳೆದು ನನ್ನೆದುರಿಗೆ ಹಿಡಿದರು. ಅರಿಶಿನ ಬಣ್ಣದ ಅಂಚು, ಮೇಲೆ ಗಣಪತಿ. ನನ್ನ ಮದುವೆ ಕಾಗದದ ನಕಲು. ಜೊತೆಗೊಂದು ಇಂಗ್ಲಿಷ್ ಅನುವಾದ.

"ಕಾಕಾ, ಈ 'ಹಾಲಿ' ಅಂತ ಬರದಾವ್ರು ಯಾರ್ರೀ?"

ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಛಲೋ ಆತು ಬಿಡ್ರಿ. ಅವರ ವಕೀಲರಿಗೆ ನೀವು ಪುಕ್ಕಟೆ ಜೂನಿಯರ್ ಆಗೀರಿ."

ಆಕ್ಷೇಪಣೆಯ ತಿರುಳು ಹೀಗಿತ್ತು. ಹೆಂಡತಿಯ ಖಾಯಂ ಮನೆ ಊರಿನಲ್ಲೇ ಇದೆ, ಅದರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಮುಂಬಯಿಯಲ್ಲಿ ಆಕೆ ತಾತ್ಕಾಲಿಕವಾಗಿ ತಂಗಿದ್ದಾಳೆಂದು ಆಕೆಯ ಹಿರಿಯರೇ ಸಾವಿರ ಜನರಿಗೆ ಕಾಗದ ಹಂಚಿ ಸಾರಿದ್ದಾರೆ. ತನ್ನ ಸ್ವಂತ ಮನೆಯಿರುವ ಊರಿನ ಕೋರ್ಟಿಗೆ ಹೋಗಲು ಅನನುಕೂಲ ಎಲ್ಲಿಂದ ಬಂತು? ಓದಿ ಮುಗಿಸುವಷ್ಟರಲ್ಲಿ ನನಗೂ ಹೌದಲ್ಲ ಅನ್ನಿಸಿತು. ಅಷ್ಟು ಚೆನ್ನಾಗಿತ್ತು ವಾದ. ನನ್ನ ಶೈಲಿಯೇ ಹಾಗೆ, ಓದಿದವರು ನಂಬುತ್ತಾರೆ.

ಹುಡುಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಮಾಮ, ಆ ಮನೇಲಿ ಈಗ ಕೋಳಿ ಉಂಟಲ್ಲ?" ಎಂದಷ್ಟೇ ಕೇಳಿದಳು.

ಮನೆಗೆ ಬಂದು ನಕಲನ್ನೂ ಅನುವಾದವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ಅವಮಾನವಾದಾಗ ಮನುಷ್ಯ ತನಗೆ ಗೊತ್ತಿರುವ ಒಂದೇ ಕೆಲಸ ಮಾಡುತ್ತಾನೆ. ಅಡ್ಡಪಟ್ಟಿ ಇಟ್ಟುಕೊಂಡು ಸಾಲಿಗೆ ಸಾಲು ಹೋಲಿಸತೊಡಗಿದೆ. ಕರಡು ತಿದ್ದುವವನು ಅರ್ಥಕ್ಕೆ ಗಮನ ಕೊಡುವುದಿಲ್ಲ. ಅರ್ಥಕ್ಕೆ ಮರುಳಾದರೆ ತಪ್ಪು ಜಾರಿಹೋಗುತ್ತದೆ. ಅವನು ನೋಡುವುದು ಮೂಲದಲ್ಲಿ ಇದ್ದದ್ದೆಲ್ಲ ಇಲ್ಲಿ ಇದೆಯೇ ಎಂದು ಮಾತ್ರ. ಗಣಪತಿ ಇತ್ತು. ಮುಹೂರ್ತ ಇತ್ತು. ಹುಡುಗಿಯ ಕಡೆಯ ಸಾಲುಗಳೆಲ್ಲ ಇದ್ದವು. ಹುಡುಗನ ಕಡೆಗೆ ಬಂದೆ. ಮೂಲದಲ್ಲಿ ಅವನ ತಂದೆಯ ಹೆಸರು, ಊರಿನ ಮನೆಯ ಹೆಸರು, ಅದರ ಕೆಳಗೆ 'ಹಾಲಿ ಘಾಟ್ಕೋಪರ್, ಮುಂಬಯಿ'. ಅನುವಾದದಲ್ಲಿ ಊರಿನ ಮನೆಯೂ ಇಲ್ಲ, ಹಾಲಿಯೂ ಇಲ್ಲ; 'ಘಾಟ್ಕೋಪರ್ ನಿವಾಸಿ' ಎಂದು ಮಾತ್ರ ಇತ್ತು. ಒಂದೇ ಹಾಳೆಯಲ್ಲಿ ನಾನು ಎರಡು ಹಾಲಿ ಬರೆದಿದ್ದೆ. ಇಂಗ್ಲಿಷಿಗೆ ದಾಟುವಾಗ ಗಂಡಿನದು ದೋಣಿಯಿಂದ ಬಿದ್ದುಹೋಗಿತ್ತು.

ಅಂಚಿನಲ್ಲಿ ಕೆಂಪು ಶಾಯಿಯಿಂದ ಬಿಟ್ಟುಹೋದ ಪದದ ಗುರುತು ಹಾಕಿದೆ. ಇಷ್ಟು ತೃಪ್ತಿಯಿಂದ ಆ ಗುರುತನ್ನು ನಲವತ್ತು ವರ್ಷಗಳಲ್ಲಿ ಹಾಕಿರಲಿಲ್ಲ.

ವಕೀಲೆ ನಕಲನ್ನೂ ಅನುವಾದವನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ, "ಕಾಕಾ, ನಿಮ್ಮ ಕಣ್ಣು ಭಾಳ ಕೆಟ್ಟ ಅವ ನೋಡ್ರಿ," ಎಂದರು. ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಆ ಹಾಳೆಯನ್ನು ಬರೆದವನು ನಾನೇ ಎಂದೂ, ಅದರಲ್ಲಿ ಆ ಪದ ಎರಡು ಕಡೆ ಇದೆಯೆಂದೂ, ನಮ್ಮವರಲ್ಲಿ ಆ ಪದದ ಬಳಕೆ ಹೇಗೆಂದೂ ನಾನು ಪ್ರಮಾಣ ಮಾಡಿ ಬರೆದುಕೊಡಬೇಕು ಎಂದರು.

ನಾಲ್ಕು ಪುಟ ಬರೆದೆ. ಆ ಪದ ಯಾವ ಭಾಷೆಯಿಂದ ಬಂತು, ಕಛೇರಿಗಳಲ್ಲಿ ಹೇಗೆ ಬೆಳೆಯಿತು, ವಲಸೆ ಬಂದವರ ಬಾಯಲ್ಲಿ ಹೇಗೆ ಮೃದುವಾಯಿತು ಎಂಬುದನ್ನೆಲ್ಲ ವಿವರಿಸಿ ಕೊನೆಗೆ ನನ್ನ ತಂದೆಯ ವಿಚಾರವಾಗಿ ಒಂದು ಪುಟ ಸೇರಿಸಿದೆ. ವಕೀಲೆ ಪೆನ್ನು ತೆಗೆದುಕೊಂಡು ನನ್ನೆದುರಿಗೇ ಮೂರು ಪುಟ ಮುಕ್ಕಾಲು ಹೊಡೆದುಹಾಕಿದರು. ಉಳಿದದ್ದು ಇಷ್ಟು: ಈ ಪದವನ್ನು ಮುಂಬಯಿಯಲ್ಲಿ ತಲೆಮಾರುಗಳಿಂದ ನೆಲೆಸಿರುವವರೂ ರೂಢಿಯಿಂದ ಬರೆಸುತ್ತಾರೆ, ಇದರಿಂದ ಅವರು ಬೇರೆಲ್ಲೋ ವಾಸವಾಗಿದ್ದಾರೆಂದು ಆಗುವುದಿಲ್ಲ. ಅಂದರೆ, ಈ ಪದಕ್ಕೆ ಅರ್ಥವಿಲ್ಲ. ಇಷ್ಟು ವರ್ಷ ನಾನು ಗೌರವದಿಂದ ಅಚ್ಚು ಹಾಕಿಸಿದ ಪದ ಸುಳ್ಳೆಂದು ನೋಟರಿಯ ಎದುರು, ಬಾಂದ್ರಾದ ಫುಟ್‌ಪಾತಿನ ಒಂದು ಮೇಜಿನ ಮೇಲೆ, ಸತ್ಯವಾಗಿ ಪ್ರಮಾಣ ಮಾಡಿದೆ. ಸಹಿಯ ಕೆಳಗೆ ವಿಳಾಸ ಬರೆಯಬೇಕಿತ್ತು. ಕೈ ಅಭ್ಯಾಸದಿಂದ 'ಹಾ' ಎಂದು ಆರಂಭಿಸಿತು. ನೋಟರಿ ಇನ್ನೊಂದು ಪ್ರತಿ ತರಿಸಿದ.

ದಿಲ್ಲಿಯಲ್ಲಿ ಅರ್ಜಿ ಕೂಗಿದ ದಿನ ವಕೀಲೆಯ ಆಫೀಸಿನಲ್ಲಿ ಕೂತು ಫೋನಿನ ಪರದೆಯಲ್ಲಿ ನೋಡಿದೆವು. ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಕೇಳಿದ್ದೂ ಇಂಗ್ಲಿಷಿನಲ್ಲಿ, ಬಹಳ ಬೇಗ. ವಕೀಲೆ ನಮಗೆ ತಿಳಿಸಿ ಹೇಳಿದ್ದು ಇಷ್ಟೇ. ಹೆಂಡತಿಯ ಮುಂಬಯಿ ತಾತ್ಕಾಲಿಕವಾದರೆ ಗಂಡನ ಘಾಟ್ಕೋಪರ್ ಏನು ಎಂದು ನ್ಯಾಯಮೂರ್ತಿಗಳು ಕೇಳಿದರಂತೆ. ಗಂಡನ ಕಡೆಯ ವಕೀಲರು, ಅದು ಬೇರೆ ಬಗೆಯ ತಾತ್ಕಾಲಿಕ ಎಂದರಂತೆ. ಗಂಡ ಎಲ್ಲಿ ಹುಟ್ಟಿದ್ದು ಎಂದು ಮತ್ತೆ ಕೇಳಿದರಂತೆ. ಘಾಟ್ಕೋಪರ್. ಹೋಟೆಲು ಎಲ್ಲಿರುವುದು? ಘಾಟ್ಕೋಪರ್. ಹಾಗಾದರೆ ಬಾಂದ್ರಾಕ್ಕೆ ಬರಲು ಇಬ್ಬರಿಗೂ ಏನು ತೊಂದರೆ ಎಂದು ಕೇಳಿ, ದಾವೆಯನ್ನು ವರ್ಗಾಯಿಸಿ, ಮುಂದಿನ ಕಟ್ಟಿಗೆ ಕೈ ಹಾಕಿದರಂತೆ. ಎರಡು ತಿಂಗಳು ನಿದ್ದೆ ಕೆಡಿಸಿದ ಪದ ಐದು ನಿಮಿಷವೂ ಬಾಳಲಿಲ್ಲ.

ಹುಡುಗಿ ಫೋನು ವಾಪಸು ಕೊಟ್ಟು, ಬ್ಯಾಗಿನಿಂದ ತನ್ನ ಲ್ಯಾಬಿನ ಡ್ಯೂಟಿ ಹಾಳೆ ತೆಗೆದು, ಮಾಟುಂಗಾವನ್ನು ವಾಪಸು ಕೇಳಬಹುದೇ ಎಂದು ನೋಡುತ್ತ ಕೂತಳು.

ಈಗ ನಾನು ಬರೆಯುವ ಕಾಗದಗಳಲ್ಲಿ ಆ ಪದ ಹಾಕುವುದಿಲ್ಲ. ಬಿಲ್ಡಿಂಗಿನವರಿಗೆ ಇದರಿಂದ ನೋವಾಗಿದೆ. ಮೊನ್ನೆ ಮೂರನೆಯ ಮಹಡಿಯವರು, "ಹಾಲಿ ಇಲ್ಲದಿದ್ರೆ ನಮ್ಗೆ ಊರೇ ಇಲ್ಲ ಅಂತ ಜನ ತಿಳ್ಕೊಳ್ತಾರೆ ಮಾರಾಯ್ರೆ," ಎಂದು ಕಾಗದವನ್ನು ಬೇರೆಯವರ ಕೈಲಿ ಬರೆಸಿದರು. ಅದರಲ್ಲಿ ಏಳು ಅಕ್ಷರ ತಪ್ಪುಗಳಿದ್ದವು. ನಾನು ಎಣಿಸಿದೆನೇ ಹೊರತು ಹೇಳಲಿಲ್ಲ.

ಬಾಂದ್ರಾದ ಮೊದಲ ತಾರೀಖಿಗೂ ನಾನು ಹೋಗಿದ್ದೆ. ಹಾರ್ಬರ್ ಲೈನಿನ ಲೋಕಲ್ಲು, ಆಮೇಲೆ ಶೇರ್ ಆಟೋ. ಹುಡುಗಿ ಬೆಳಗಿನ ಸುತ್ತು ಮುಗಿಸಿ, ರಕ್ತದ ಶೀಶೆಗಳನ್ನು ಲ್ಯಾಬಿಗೆ ಒಪ್ಪಿಸಿ, ಖಾಲಿ ಐಸ್ ಡಬ್ಬಿಯೊಂದಿಗೆ ನೇರ ಅಲ್ಲಿಗೇ ಬಂದಿದ್ದಳು. ಬಾಗಿಲಲ್ಲಿ ಡಬ್ಬಿ ತೆರೆಸಿ ನೋಡಿದರು. ಕೂಗಿದಾಗ ಅವಳಿದ್ದಳು, ಎರಡೂ ಕಡೆಯ ವಕೀಲರಿದ್ದರು, ಗಂಡ ಇರಲಿಲ್ಲ. ಅವಳ ಉತ್ತರವನ್ನು ದಾಖಲೆಗೆ ತೆಗೆದುಕೊಂಡರು. ಚಹಾದ ವಿಚಾರ, ಅತ್ತೆಯನ್ನು ತಳ್ಳಿದ ವಿಚಾರ, ಒಡವೆಯ ವಿಚಾರ, ಒಂದೊಂದಕ್ಕೂ ಅವಳ ಮಾತು ಅಲ್ಲಿತ್ತು. ಮುಂದಿನ ತಾರೀಖು ಮಂಗಳವಾರ ಎಂದಾಗ ವಕೀಲೆ ಅವಳ ಮುಖ ನೋಡಿದರು. ಅವಳು ಮಂಗಳವಾರ ಮಾಟುಂಗಾ ಇದೆ, ಈಗಷ್ಟೇ ವಾಪಸು ಸಿಕ್ಕಿದ್ದು ಎಂದಳು. ಗುರುವಾರವಾಯಿತು. ಅಷ್ಟು ಸುಲಭಕ್ಕೆ. ಅಡಿಗೆಯವರ ಸೋಮವಾರಕ್ಕೆ ನಾವು ಇದಕ್ಕಿಂತ ಹೆಚ್ಚು ಒದ್ದಾಡಿದ್ದೆವು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಗಂಡ ಎದುರಾದ. ಅಂಗಿ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ಕರವಸ್ತ್ರ. ಮುಗಿದುಹೋಯಿತೆಂದು ಹೇಳಿದೆ, ಮುಂದಿನದು ಗುರುವಾರ ಎಂದೂ ಹೇಳಿದೆ. ಅವನು ಅವಳ ಕಡೆ ನೋಡದೆ ನನ್ನೊಂದಿಗೇ ದೂರಿಕೊಂಡ.

"ಎಂತ ಟ್ರಾಫಿಕ್ ಮಾಮ. ಘಾಟ್ಕೋಪರಿಂದ ಇಲ್ಲಿಗೆ ಒಂದೂವರೆ ಗಂಟೆ. ಇದಕ್ಕಿಂತ ಊರಿನ ಟ್ರೈನೇ ಅಡ್ಡಿಯಿಲ್ಲ, ಕೂತ್ಕೊಳ್ಲಿಕ್ಕಾದ್ರೂ ಸಿಗ್ತಿತ್ತು. ಗುರುವಾರ ಬೇರೆ ನಂಗೆ ಆಗುದಿಲ್ಲ, ಹೋಟೆಲಿಗೆ ಮಾಲು ಬರುವ ದಿನ."

ಹುಡುಗಿ ಡಬ್ಬಿಯ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಸಂಜೆ ನಾಲ್ಕಕ್ಕೆ ಅವಳಿಗೆ ಸಯನ್‌ನಲ್ಲಿ ಎರಡು ಮನೆಗಳಿದ್ದವು. ಮೂರು ವರ್ಷ ಸಂಸಾರ ಮಾಡಿದವನೊಂದಿಗೆ, ರೈಲಿನಲ್ಲಿ ಎರಡು ಸಲ ಜೊತೆಗೆ ಪ್ರಯಾಣ ಮಾಡಿದವನೊಂದಿಗೆ, ದಾವೆ ಶುರುವಾದ ಮೇಲೆ ಮೊದಲ ಸಲ ಮಾತಾಡಿದಳು. ದನಿ ಎತ್ತರಿಸಲಿಲ್ಲ, ಚುಚ್ಚಿದ್ದು ಗೊತ್ತಾಗದ ಹಾಗೆ ಚುಚ್ಚುವುದು ಅವಳ ಕಸಬು.

"ನಿಮ್ಗೆ ಅನುಕೂಲ ಇಲ್ಲಾಂದ್ರೆ ಒಂದು ಅರ್ಜಿ ಹಾಕಿ," ಎಂದು ಹೇಳಿ, ಶೇರ್ ಆಟೋದ ಸಾಲಿನ ಕಡೆ ನಡೆದಳು.